ಗಾಡಿ ಕೆಳಗೆ ಮಲಗೋರ ಪರವಾಗಿ ಗ್ಯಾರೇಜ್ ಮಾಲೀಕರಿಗೊಂದು ಬಹಿರಂಗ ಪತ್ರ

ಎಲ್ಲಾ ಗ್ಯಾರೇಜ್ ಮಾಲೀಕರಿಗೆ, ಸರ್ವಿಸ್ ಸೆಂಟರ್ ಮ್ಯಾನೇಜರ್‌ಗಳಿಗೆ, ಲಾರಿ ಬಸ್ಸು ಇಟ್ಕೊಂಡು ಸ್ವಂತ ಶೆಡ್ಡಲ್ಲೇ ರಿಪೇರಿ ಮಾಡಿಸೋರಿಗೆ,

ಮಾನ್ಯರೇ, ನಮಸ್ಕಾರ.

ನಾನೊಬ್ಬ ಮೆಕ್ಯಾನಿಕ್. ಹೆಲ್ಪರ್ ಆಗಿ ಶುರು ಮಾಡಿ ಬೈಕು, ಕಾರು, ಲಾರಿ ಎಲ್ಲದರ ಮೇಲೂ ಕೈ ಆಡಿಸಿದೀನಿ, ಒಂದಕ್ಕಿಂತ ಹೆಚ್ಚು ಗ್ಯಾರೇಜಲ್ಲಿ ಕೆಲ್ಸ ಮಾಡಿದೀನಿ. ಎಲ್ಲಾ ಕಡೆ ಒಂದು ಮಾತು ಮಾತ್ರ ತಪ್ಪದೆ ಕೇಳಿಸ್ಕೊಂಡಿದೀನಿ. ಯಾರಿಗಾದ್ರೂ ಏಟಾದ ದಿನ ಸಂಜೆ ಮಾಲೀಕರು, ಮೇಸ್ತ್ರಿ, ಪಕ್ಕದೋರು ಎಲ್ರೂ ಸೇರಿ "ಅವನೇ ನೋಡ್ಕೊಂಡು ಮಾಡ್ಬೇಕಿತ್ತು" ಅಂತಾರೆ, ಅಲ್ಲಿಗೆ ವಿಷಯ ಮುಗೀತು, ಮಾರನೇ ದಿನ ಅದೇ ಜಾಗದಲ್ಲಿ ಅದೇ ಜಾಕ್ ಇಟ್ಟು ಇನ್ನೊಬ್ಬನ್ನ ಕೆಳಗೆ ಮಲಗಿಸ್ತಾರೆ. ಈ ಪತ್ರ ಬರೀತಿರೋದು ಅದಕ್ಕೇ. ನಾನು ನೋಡಿದ ಹಾಗೆ ಬಹುಪಾಲು ಏಟು ಬೀಳೋಕೆ ಮುಂಚೇನೇ ನಿಶ್ಚಯ ಆಗಿಬಿಟ್ಟಿರುತ್ತೆ, ಯಾವ ಸಾಮಾನು ತರಿಸಿದ್ರಿ ಯಾವುದನ್ನ ಆಮೇಲೆ ನೋಡೋಣ ಅಂದ್ರಿ, ಗಾಡಿ ಎಷ್ಟೊತ್ತಿಗೆ ಕೊಡ್ತೀನಿ ಅಂತ ಗಿರಾಕಿಗೆ ಮಾತು ಕೊಟ್ರಿ ಅನ್ನೋದ್ರಲ್ಲಿ. ಆ ಎರಡೂ ನಮ್ಮ ಕೈಲಿಲ್ಲ, ನಿಮ್ಮ ಕೈಲಿದೆ.

ಮೊದ್ಲು ಜಾಕ್ ವಿಷಯ. ಜಾಕ್ ಇರೋದು ಎತ್ತೋದಕ್ಕೆ, ಹೊತ್ಕೊಂಡು ನಿಲ್ಲೋದಕ್ಕಲ್ಲ. ಹೈಡ್ರಾಲಿಕ್ ಜಾಕಲ್ಲಿ ಅಷ್ಟೂ ಭಾರ ನಿಂತಿರೋದು ಒಳಗಿರೋ ಎಣ್ಣೆ ಮೇಲೆ, ಆ ಎಣ್ಣೆನ ತಡೆದಿರೋದು ಒಂದು ರಬ್ಬರ್ ಸೀಲು. ಸೀಲು ಸವೆದಿದ್ರೆ ಜಾಕ್ ಮೆಲ್ಲಗೆ ಇಳಿಯುತ್ತೆ, ಹರಿದ್ರೆ ಒಂದೇ ಸಲ ಕೂರುತ್ತೆ, ಕೆಳಗಿರೋನಿಗೆ ಆಚೆ ಬರೋಕೆ ಟೈಮೇ ಇರಲ್ಲ. ಗಾಡಿ ಎತ್ತಿದ ತಕ್ಷಣ ಸಮತಟ್ಟಾದ ಗಟ್ಟಿ ನೆಲದ ಮೇಲೆ ಎರಡು ಕಡೆ ಸ್ಟ್ಯಾಂಡ್, ಅಂದ್ರೆ ಭಾರ ಹೊತ್ಕೊಂಡು ನಿಲ್ಲೋ ಕಬ್ಬಿಣದ ಕಾಲು, ಕೊಟ್ಟು, ಗಾಡಿ ಭಾರ ಸ್ಟ್ಯಾಂಡ್ ಮೇಲೆ ಇಳಿಸಿ, ನೆಲದಲ್ಲಿರೋ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟು, ಒಂದ್ಸಲ ಗಾಡಿನ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಹೋಗ್ಬೇಕು. ಇದೇನು ದೊಡ್ಡ ವಿದ್ಯೆ ಅಲ್ಲ, ಎಲ್ಲಾ ಮೆಕ್ಯಾನಿಕ್‌ಗಳಿಗೂ ಗೊತ್ತು. ಗೊತ್ತಿದ್ರೂ ಯಾಕೆ ಮಾಡಲ್ಲ ಅಂದ್ರೆ ನಾಲ್ಕು ಗಾಡಿ ಎತ್ತಿರೋ ಶೆಡ್ಡಲ್ಲಿ ಸ್ಟ್ಯಾಂಡ್ ಇರೋದು ಒಂದು ಜೊತೆ, ಅದೂ ಯಾವುದೋ ಗೇರ್‌ಬಾಕ್ಸ್ ಕೆಳಗೆ ಸಿಕ್ಕಾಕ್ಕೊಂಡಿರುತ್ತೆ.

ನಾನಿದ್ದ ಒಂದು ಗ್ಯಾರೇಜಲ್ಲಿ ಹೀಗೇ ಆಯ್ತು, ಊರು ಹೆಸರು ಬೇಡ. ಸೈಲೆನ್ಸರ್ ಬಿಚ್ಚೋ ಕೆಲ್ಸ, ಸ್ಟ್ಯಾಂಡ್ ಖಾಲಿ ಇರ್ಲಿಲ್ಲ, ಜಾಕ್ ಪಕ್ಕ ಎರಡು ಸಿಮೆಂಟ್ ಬ್ಲಾಕ್ ಜೋಡಿಸಿ ನಮ್ಮ ಜೊತೆಗಾರ ಕೆಳಗೆ ಹೋದ. ತುಕ್ಕು ಹಿಡಿದ ಬೋಲ್ಟು, ಪಾನಾ ಹಾಕಿ ಜೋರಾಗಿ ಎಳೆದ, ಗಾಡಿ ಒಂದು ಬದಿಗೆ ವಾಲ್ತು, ಜಾಕ್ ಪಾಯಿಂಟಿಂದ ಜಾರ್ತು, ಬ್ಲಾಕು ಬಿಸ್ಕತ್ ಥರ ಪುಡಿಯಾಯ್ತು. ಒಳಗೆ ಟೊಳ್ಳಿರೋ ಸಿಮೆಂಟ್ ಬ್ಲಾಕು ಗೋಡೆ ಕಟ್ಟೋಕೆ ಸರಿ, ಒಂದೇ ಕಡೆ ಭಾರ ಬಿದ್ರೆ ಯಾವ ಮುನ್ಸೂಚನೆನೂ ಕೊಡದೆ ಒಡೆಯುತ್ತೆ. ಅವನ ಜೀವ ಉಳೀತು, ಆದ್ರೆ ಎದೆ ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ, ಆಮೇಲೆ ಭಾರ ಎತ್ತೋಕೆ ಆಗದೆ ಈ ಕೆಲಸಾನೇ ಬಿಟ್ಟ. ಅವತ್ತು ಅಲ್ಲಿ ಇನ್ನೊಂದು ಜೊತೆ ಸ್ಟ್ಯಾಂಡ್ ಇದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ. ಅವನು ಅಜಾಗರೂಕ ಆಗಿರ್ಲಿಲ್ಲ ಸ್ವಾಮಿ, ಇದ್ದದ್ರಲ್ಲಿ ಕೆಲ್ಸ ಮುಗಿಸೋಕೆ ನೋಡಿದ.

ಟಿಪ್ಪರ್ ವಿಷಯ ಇದಕ್ಕಿಂತ ಕೆಟ್ಟದು. ಬಾಡಿ ಮೇಲೆತ್ತಿ ಕೆಳಗೆ ನಿಂತು ಗ್ರೀಸ್ ಹೊಡೀತಾರೆ, ಪೈಪ್ ಬಿಚ್ತಾರೆ. ಬಾಡಿನ ಹಿಡಿದಿರೋದೇ ಆ ಪೈಪೊಳಗಿನ ಎಣ್ಣೆ, ಅದನ್ನ ಬಿಚ್ಚಿದ್ರೆ ಇನ್ನೇನಾಗುತ್ತೆ? ಬಾಡಿಗೆ ಕೊಡೋ ಸಪೋರ್ಟ್ ರಾಡ್ ಗಾಡಿ ಜೊತೇಲೇ ಬಂದಿರುತ್ತೆ, ಅದು ಬಗ್ಗಿದ್ರೆ ಕಳೆದಿದ್ರೆ ಹೊಸದು ಹಾಕಿಸೋವರೆಗೂ ಆ ಗಾಡಿ ಕೆಳಗೆ ಯಾರನ್ನೂ ಕಳಿಸ್ಬೇಡಿ.

ಇವೆಲ್ಲ ಕಣ್ಣಿಗೆ ಕಾಣೋ ಅಪಾಯ, ಕನಿಷ್ಠ ಜನ ಮಾತಾಡ್ತಾರೆ. ನನಗೆ ಜಾಸ್ತಿ ಹೊಟ್ಟೆ ಉರಿಯೋದು ಕಾಣದೇ ಇರೋದರ ಬಗ್ಗೆ.

ಬ್ರೇಕ್ ಡ್ರಮ್ ಬಿಚ್ಚಿದ ತಕ್ಷಣ ಏನು ಮಾಡ್ತೀವಿ? ಏರ್ ಗನ್ ಹಿಡಿದು ಬುಸ್ಸಂತ ಊದ್ತೀವಿ, ಕರಿ ಧೂಳು ಮುಖಕ್ಕೇ ಬರುತ್ತೆ, ಪಕ್ಕದಲ್ಲಿ ಕೂತು ಊಟ ಮಾಡ್ತಿರೋನ ಡಬ್ಬಿ ಮೇಲೂ ಕೂರುತ್ತೆ. ಹಳೇ ಬ್ರೇಕ್ ಲೈನರ್‌ಗಳಲ್ಲಿ, ಕ್ಲಚ್ ಪ್ಲೇಟಲ್ಲಿ, ಕೆಲವು ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಅಂದ್ರೆ ಆಸ್ಬೆಸ್ಟಾಸ್ ಇರ್ತಿತ್ತು, ಎಷ್ಟೋ ದೇಶಗಳು ಅದನ್ನ ನಿಷೇಧ ಮಾಡಿದ್ರೂ ಹಳೇ ಗಾಡಿಗಳಲ್ಲಿ ಮತ್ತೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಅಗ್ಗದ ಪಾರ್ಟ್ಸಲ್ಲಿ ಈಗ್ಲೂ ಇರ್ಬಹುದು. ನೋಡಿ ಹೇಳೋಕಾಗಲ್ಲ. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣ, ಶ್ವಾಸಕೋಶದೊಳಗೆ ಹೋದ್ರೆ ಆಚೆ ಬರಲ್ಲ, ಅದರಿಂದ ಬರೋ ಕ್ಯಾನ್ಸರ್ ತಲೆ ಎತ್ತೋದು 20, 30, ಕೆಲವ್ರಿಗೆ 40 ವರ್ಷ ಆದ್ಮೇಲೆ. ಅಷ್ಟೊತ್ತಿಗೆ ಆ ಗ್ಯಾರೇಜೇ ಇರಲ್ಲ, ಯಾರನ್ನ ಕೇಳ್ತೀರಿ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕಲ್ನಾರನ್ನ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಮೊದಲನೇ ಗುಂಪಿಗೆ ಸೇರಿಸಿದೆ. ಅದೇ ಗುಂಪಿಗೆ 2012ರಲ್ಲಿ ಡೀಸೆಲ್ ಹೊಗೆನೂ ಸೇರ್ತು. ಅಂದ್ರೆ ನಮ್ಮ ಶೆಡ್ಡೊಳಗೆ ದಿನಾ ಉಸಿರಾಡೋ ಗಾಳೀಲಿ ಎರಡೂ ಇರ್ಬಹುದು. ಇದಕ್ಕೆ ಮಾಡ್ಬೇಕಾಗಿರೋದು ಏನು ಅಂದ್ರೆ ಬ್ರೇಕ್ ಧೂಳಿಗೆ ಏರ್ ಹೊಡೆಯೋದು, ಒಣ ಬ್ರಷ್‌ನಲ್ಲಿ ಉಜ್ಜೋದು ಪೂರ್ತಿ ನಿಲ್ಲಿಸ್ಬೇಕು, ನೀರಲ್ಲಿ ಒದ್ದೆ ಮಾಡಿ ಬಟ್ಟೇಲಿ ಒರೆಸ್ಬೇಕು, ಆ ಬಟ್ಟೆನ ಹಸಿ ಇರೋವಾಗ್ಲೇ ಕವರಿಗೆ ಹಾಕಿ ಬಾಯಿ ಕಟ್ಬೇಕು. ಕೆಲಸದ ಬಟ್ಟೆ ಮನೆಗೆ ಒಯ್ಯೋ ಹಾಗಿರ್ಬಾರ್ದು. ಕಲ್ನಾರು ಧೂಳಿನ ಬಟ್ಟೆ ಮನೇಲಿ ಒಗೆದ ಹೆಂಗಸರಿಗೂ ಅದೇ ಕಾಯಿಲೆ ಬಂದಿದೆ, ಅವ್ರು ಒಂದಿನಾನೂ ಆ ಕೆಲಸದ ಜಾಗಕ್ಕೆ ಕಾಲಿಟ್ಟೋರಲ್ಲ.

ಇನ್ನೊಂದು ಕಾಣದ್ದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹಿಡ್ಕೊಳ್ಳೋ ಜಾಗನ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಮಳೆ ಬರ್ತಿದೆ ಅಂತ ಷಟರ್ ಎಳೆದು ಒಳಗೆ ಇಂಜಿನ್ ಆನ್ ಮಾಡಿ ಟ್ಯೂನಿಂಗ್ ಮಾಡೋದು ನಾನು ತುಂಬಾ ಕಡೆ ನೋಡಿದೀನಿ, ಆಮೇಲೆ ತಲೆನೋವು, ವಾಂತಿ ಬರೋ ಹಾಗಾಗೋದು, ಸುಸ್ತು, ಎಲ್ಲಾನೂ ಬಿಸಿಲಿನ ಮೇಲೋ ಊಟದ ಮೇಲೋ ಹಾಕಿ ಮಾತ್ರೆ ನುಂಗ್ತಾರೆ. ಷಟರ್ ಸ್ವಲ್ಪ ಎತ್ತಿಟ್ರೆ ಸಾಕು ಅನ್ನೋದೂ ತಪ್ಪು. ಸೈಲೆನ್ಸರ್ ಬಾಯಿಗೆ ಪೈಪ್ ಸಿಕ್ಕಿಸಿ ಹೊಗೆನ ಆಚೆಗೇ ಬಿಡ್ಬೇಕು, ಇಲ್ಲಾಂದ್ರೆ ಗಾಡಿನೇ ಆಚೆಗೆ ತಳ್ಕೊಂಡು ಹೋಗ್ಬೇಕು. ಜೊತೇಲಿ ಈ ಗ್ಯಾಸ್ ಕಂಡುಹಿಡಿಯೋ ಅಲಾರಂ ಒಂದನ್ನ ಗೋಡೆಗೆ ಹಾಕ್ಸಿ.

ಪೆಟ್ರೋಲಲ್ಲಿ ಪಾರ್ಟ್ಸ್ ತೊಳೆಯೋದು, ಸಂಜೆ ಅದೇ ಪೆಟ್ರೋಲಲ್ಲಿ ಕೈ ತೊಳ್ಕೊಂಡು ಮನೆಗೆ ಹೋಗೋದು ಎಲ್ಲಾ ಕಡೆ ಇರೋ ಚಾಳಿ. ಪೆಟ್ರೋಲಲ್ಲಿ ಬೆಂಜೀನ್ ಇರುತ್ತೆ, ಅದು ರಕ್ತದ ಕ್ಯಾನ್ಸರ್ ತರೋ ವಸ್ತು, ಉಸಿರಲ್ಲೂ ಹೋಗುತ್ತೆ ಚರ್ಮದಿಂದಾನೂ ಒಳಗೆ ಇಳಿಯುತ್ತೆ. ಮೇಲಾಗಿ ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ನೆಲದ ಮೇಲೇ ಹರಿದು ಪಿಟ್, ಅಂದ್ರೆ ಗಾಡಿ ಕೆಳಗೆ ನಿಂತು ಕೆಲ್ಸ ಮಾಡೋಕೆ ತೋಡಿರೋ ಗುಂಡಿ, ಒಳಗೆ ಇಳಿದು ಅಲ್ಲೇ ಕೂತ್ಕೊಳ್ಳುತ್ತೆ. ಆಚೆ ಇರೋನಿಗೆ ವಾಸನೆ ಇಲ್ಲ, ಪಿಟ್ ಒಳಗೆ ಹಳೇ ವೈರ್‌ಗೆ ಬಲ್ಬ್ ಕಟ್ಟಿ ಹಿಡ್ಕೊಂಡು ಇಳಿದೋನಿಗೆ ಒಂದು ಕಿಡಿ ಸಾಕು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡೋರೂ ಇದಾರೆ, ಖಾಲಿ ಅಲ್ವಾ ಏನಾಗುತ್ತೆ ಅಂತ. ತುಂಬಿರೋ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಜಾಸ್ತಿ ಅಪಾಯ, ಯಾಕಂದ್ರೆ ಒಳಗೆ ಉಳಿದಿರೋ ಆವಿ ಗಾಳಿ ಜೊತೆ ಸೇರಿ ಸಿಡಿಯೋಕೆ ತಯಾರಾಗಿ ಕೂತಿರುತ್ತೆ. ತೊಳೆಯೋಕೆ ಪೆಟ್ರೋಲ್ ಬದ್ಲು ಬೇಗ ಬೆಂಕಿ ಹತ್ತದ ಕ್ಲೀನರ್ ತರಿಸಿ, ಕೈಗೆ ನೈಟ್ರೈಲ್ ಗ್ಲೌಸ್ ಕೊಡಿ, ಕೈ ತೊಳೆಯೋಕೆ ಸೋಪಿನ ಪೇಸ್ಟ್ ಇಡಿ. ಬಳಸಿದ ಇಂಜಿನ್ ಆಯಿಲ್ ಹೊಸ ಆಯಿಲ್ ಥರ ಅಲ್ಲ, ಉರಿದು ಉರಿದು ಕ್ಯಾನ್ಸರ್ ತರೋ ಅಂಶ ಅದರಲ್ಲಿ ಸೇರ್ಕೊಂಡಿರುತ್ತೆ, ಅದರಲ್ಲಿ ನೆನೆದ ಬಟ್ಟೆನ ಪ್ಯಾಂಟ್ ಜೇಬಲ್ಲಿ ತುರುಕಿ ದಿನವಿಡೀ ಓಡಾಡ್ಬೇಡಿ ಅಂತ ಹುಡುಗ್ರಿಗೆ ಹೇಳೋರೇ ಇಲ್ಲ.

ಪೇಂಟಿಂಗ್ ಮಾಡೋರ ಬಗ್ಗೆ ಬರೀದೇ ಇದ್ರೆ ತಪ್ಪಾಗುತ್ತೆ. ಎರಡು ಡಬ್ಬಿ ಬೆರೆಸಿ ಹೊಡೆಯೋ ಪೇಂಟಲ್ಲಿ, ಅಂದ್ರೆ ಹಾರ್ಡನರ್ ಹಾಕೋದ್ರಲ್ಲಿ, ಐಸೋಸಯನೇಟ್ ಅಂತ ಇರುತ್ತೆ, ಅದು ಅಸ್ತಮಾ ತರುತ್ತೆ, ಒಂದ್ಸಲ ದೇಹಕ್ಕೆ ಒಗ್ಗದೇ ಹೋದ್ರೆ ಆಮೇಲೆ ಚೂರೇ ಚೂರು ಗಾಳೀಲಿ ಇದ್ರೂ ಉಸಿರು ಕಟ್ಟುತ್ತೆ, ಆ ಮನುಷ್ಯ ಮತ್ತೆ ಆ ಕೆಲ್ಸ ಮಾಡೋ ಹಾಗೇ ಇಲ್ಲ. ಕರ್ಚೀಫ್ ಕಟ್ಟಿದ್ರೆ, ಬಟ್ಟೆ ಮಾಸ್ಕ್ ಹಾಕಿದ್ರೆ ಅದು ತಡೆಯೋದೇ ಇಲ್ಲ. ಬೇಕಾಗಿರೋದು ಆಚೆಯಿಂದ ಶುದ್ಧ ಗಾಳಿ ಪೈಪಲ್ಲಿ ಬರೋ ಮುಖಗವಸು ಮತ್ತೆ ಸರಿಯಾಗಿ ಗಾಳಿ ಎಳೆಯೋ ಬೂತ್, ಅಂದ್ರೆ ಪೇಂಟ್ ಹೊಡೆಯೋ ಮುಚ್ಚಿದ ಕೋಣೆ. ಪೇಂಟಿನ ಮಂಜು ಕಣ್ಣಿಗೆ ಕಾಣೋದು ನಿಂತ್ಮೇಲೂ ಗಾಳೀಲಿ ಇನ್ನೂ ಇರುತ್ತೆ, ಬೂತ್ ಖಾಲಿ ಆಗೋಕೆ ಎಷ್ಟೊತ್ತು ಬೇಕು ಅಂತ ಪರೀಕ್ಷೆ ಮಾಡ್ಸಿ ಬಾಗಿಲ ಮೇಲೆ ಬರೆಸಿ, ಅಲ್ಲೀವರೆಗೂ ಮುಖಗವಸು ತೆಗೆಯೋ ಹಾಗಿಲ್ಲ.

ಈಗ ಗಾಳಿ, ಪ್ರೆಶರ್. ಲಾರಿ ಟೈರಲ್ಲಿ 100 ಪಿಎಸ್ಐ (ಪಿಎಸ್ಐ ಅಂದ್ರೆ ಒತ್ತಡದ ಅಳತೆ) ಮೇಲೆ ಗಾಳಿ ಇರುತ್ತೆ, ಕಾರಿನ ಟೈರಿಗೆ ಹೋಲಿಸಿದ್ರೆ ಮೂರು ಪಟ್ಟು, ಟೈರಿನ ಗಾತ್ರನೂ ಹೆಚ್ಚು. ಟೈರನ್ನ ರಿಮ್ಮಿಗೆ ಹಿಡಿದಿಡೋ ಲಾಕ್ ರಿಂಗ್ ಸರಿಯಾಗಿ ಕೂರದೇ ಇದ್ರೆ ಗಾಳಿ ತುಂಬೋವಾಗ ಆ ರಿಂಗ್ ಗುಂಡಿನ ಹಾಗೆ ಹಾರುತ್ತೆ, ಎದುರಿಗೆ ಬಗ್ಗಿ ನಿಂತಿರೋನು ಉಳಿಯಲ್ಲ. ಪಂಕ್ಚರ್ ಆಗಿಯೂ ಹಾಗೇ ಓಡಿಸಿದ ಟೈರು ಇನ್ನೂ ಮೋಸ, ಒಳಗಿನ ಸ್ಟೀಲ್ ತಂತಿ ಮುರಿದಿರುತ್ತೆ ಆಚೆಗೆ ಕಾಣಲ್ಲ, ಗಾಳಿ ಏರ್ತಾ ಟೈರಿನ ಪಕ್ಕದ ಮೈ ಉದ್ದಕ್ಕೂ ಸೀಳ್ಕೊಂಡು ಸಿಡಿಯುತ್ತೆ. ಇದಕ್ಕೆ ಕಬ್ಬಿಣದ ಪಂಜರ ಇದೆ, ಟೈರು ಅದರೊಳಗಿಟ್ಟು, ವಾಲ್ವಿಗೆ ತಾನೇ ಕಚ್ಕೊಳ್ಳೋ ಚಕ್ (ಗಾಳಿ ಪೈಪಿನ ತುದಿ) ಸಿಕ್ಕಿಸಿ, ಉದ್ದ ಪೈಪಿಂದ ದೂರ ಪಕ್ಕಕ್ಕೆ ನಿಂತು ತುಂಬೋದು. ಗಾಳಿ ಇರೋ ಟೈರ್ ಹಾಗೇ ಬಿಟ್ಟು ರಿಮ್ಮಿಗೆ ವೆಲ್ಡಿಂಗ್ ಮಾಡೋದಂತೂ ಯಾವ ಕಾರಣಕ್ಕೂ ಬೇಡ. ಏರ್ ಗನ್‌ನಲ್ಲಿ ಮೈ ಮೇಲಿನ ಧೂಳು ಹೊಡ್ಕೊಳ್ಳೋದು, ತಮಾಷೆಗೆ ಒಬ್ರ ಮೇಲೊಬ್ರು ಊದೋದು ಇವೆಲ್ಲ ಕರುಳು ಹರಿದು ಜೀವ ಹೋಗೋ ಕೆಲ್ಸ, ಇದನ್ನ ಮಾಲೀಕರೇ ಬಾಯಿಬಿಟ್ಟು ಹೇಳ್ಬೇಕು.

ಕಾಮನ್ ರೈಲ್, ಅಂದ್ರೆ ಒಂದೇ ಹೈ ಪ್ರೆಶರ್ ಪೈಪಿಂದ ಎಲ್ಲಾ ಸಿಲಿಂಡರ್‌ಗೂ ಡೀಸೆಲ್ ಹೋಗೋ ಇಂಜಿನ್‌ಗಳಲ್ಲಿ 1600 ಬಾರ್ (ಒಂದು ಬಾರ್ ಅಂದ್ರೆ ಸುಮಾರು 14.5 ಪಿಎಸ್ಐ), ಕೆಲವದ್ರಲ್ಲಿ 2000 ಬಾರ್‌ಗೂ ಮೇಲೆ ಪ್ರೆಶರ್ ಇರುತ್ತೆ. ಲೀಕ್ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿದ್ರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಆಚೆಗೆ ಸೂಜಿ ಚುಚ್ಚಿದ ಹಾಗೆ ಒಂದು ಚುಕ್ಕೆ ಅಷ್ಟೇ, ನೋವೂ ಮೊದ್ಲು ಜಾಸ್ತಿ ಇರಲ್ಲ, ಬ್ಯಾಂಡೇಜ್ ಸುತ್ತಿ ಕೆಲ್ಸ ಮುಂದುವರೆಸ್ತಾರೆ. ಒಳಗೆ ಮಾಂಸ ಸಾಯ್ತಾ ಇರುತ್ತೆ, ಕೆಲವೇ ಗಂಟೆಯೊಳಗೆ ಆಪರೇಷನ್ ಆಗದೇ ಇದ್ರೆ ಬೆರಳೋ ಕೈಯೋ ಕತ್ತರಿಸೋ ಪರಿಸ್ಥಿತಿ. ಹಾಗಾಗಿ ಲೀಕ್ ನೋಡೋಕೆ ರಟ್ಟಿನ ತುಂಡು ಹಿಡೀರಿ ಕೈ ಬೇಡ, ಅಕಸ್ಮಾತ್ ತಾಗಿದ್ರೆ ಗಾಯ ಎಷ್ಟೇ ಚಿಕ್ಕದಿರ್ಲಿ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಪ್ರೆಶರಲ್ಲಿ ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಬ್ಯಾಟರಿದೂ ಸ್ವಲ್ಪ ಹೇಳ್ತೀನಿ. ಚಾರ್ಜ್ ಆಗೋವಾಗ ಹೈಡ್ರೋಜನ್ ಬರುತ್ತೆ, ಗಾಳೀಲಿ ಅದು ಶೇಕಡ 4 ಸೇರಿದ್ರೂ ಕಿಡಿ ಬಿದ್ರೆ ಸಿಡಿಯುತ್ತೆ, ಜೊತೆಗೆ ಆಸಿಡ್ ಮುಖಕ್ಕೆ. ಬಿಚ್ಚೋವಾಗ ಮೊದ್ಲು ನೆಗೆಟಿವ್, ಹಾಕೋವಾಗ ಕೊನೇಲಿ ನೆಗೆಟಿವ್, ಉಂಗುರ ಸ್ಟೀಲ್ ವಾಚು ತೆಗೆದಿಟ್ಟು, ಕಣ್ಣಿಗೆ ಕನ್ನಡಕ. ಆಸಿಡ್ ಕಣ್ಣಿಗೆ ಬಿದ್ರೆ ಕನಿಷ್ಠ 15 ನಿಮಿಷ ಹರಿಯೋ ನೀರಲ್ಲಿ ತೊಳೀಬೇಕು, ಅದಕ್ಕೆ ಬ್ಯಾಟರಿ ಪಕ್ಕದಲ್ಲೇ ನಲ್ಲಿ ಬೇಕು, ಹಿತ್ತಿಲಲ್ಲಿ ಡ್ರಮ್ ಇದೆ ಅಂದ್ರೆ ಪ್ರಯೋಜನ ಇಲ್ಲ. ಮತ್ತೆ ಈಗ ಎಲೆಕ್ಟ್ರಿಕ್ ಗಾಡಿಗಳೂ ಬರ್ತಿವೆ, ಕಿತ್ತಳೆ ಬಣ್ಣದ ಕೇಬಲ್‌ನಲ್ಲಿ 400 ವೋಲ್ಟು, ಕೆಲವಕ್ಕೆ 800. ಹನ್ನೆರಡು ವೋಲ್ಟಿಗೆ ಕೈ ಪಳಗಿರೋ ಮೆಕ್ಯಾನಿಕ್ ಕೈಗೆ ಟ್ರೇನಿಂಗ್ ಇಲ್ಲದೆ ಅದನ್ನ ಕೊಡೋದು ಕೊಲೆಗೆ ಸಮ. ದಯವಿಟ್ಟು ಕಲಿಸದೆ ಕೊಡ್ಬೇಡಿ.

ಕೆಲ್ಸ ಕಲಿಯೋಕೆ ಬಂದ ಹುಡುಗರ ಬಗ್ಗೆ ಬೇರೇನೇ ಹೇಳ್ಬೇಕು. ಬೈಕ್ ಸೆಂಟರ್ ಸ್ಟ್ಯಾಂಡ್ ಹಾಕಿ ಗೇರಲ್ಲಿ ಇಂಜಿನ್ ಓಡ್ತಾ ಇರೋವಾಗ್ಲೇ ಬಟ್ಟೆ ಹಿಡಿದು ಚೈನ್ ಒರೆಸೋಕೆ ಹೇಳ್ತಾರೆ, ಬೇಗ ಆಗುತ್ತೆ ಅಂತ. ಬಟ್ಟೆ ಚೈನ್ ಚಕ್ರದ ಹಲ್ಲಿಗೆ ಸಿಕ್ಕಿದ್ರೆ ಬೆರಳೂ ಜೊತೆಗೆ ಹೋಗುತ್ತೆ. ಬೆರಳಿನ ತುದಿ ಕಳ್ಕೊಂಡ ಹುಡುಗನ್ನ ನಾನೇ ಎತ್ಕೊಂಡು ಆಸ್ಪತ್ರೆಗೆ ಓಡಿದೀನಿ, ಅವನು ದಾರಿಯುದ್ದಕ್ಕೂ ಕೇಳ್ತಿದ್ದದ್ದು "ಅಣ್ಣ, ನನ್ನ ಕೆಲ್ಸದಿಂದ ತೆಗೀತಾರಾ" ಅಂತ. ನೋವು ಅಂತ ಅಳ್ಲಿಲ್ಲ ಅವನು. ಆ ವಯಸ್ಸಿನ ಹುಡುಗ್ರು ನೀವು ಹೇಳಿದ್ದಕ್ಕೆ ಇಲ್ಲ ಅನ್ನಲ್ಲ, ಹೇಗೆ ಮಾಡ್ಬೇಕು ಅಂತ ಕೇಳೋಕೂ ಹೆದರ್ತಾರೆ. ಇಂಜಿನ್ ಆಫ್ ಮಾಡಿ, ನ್ಯೂಟ್ರಲ್ ಹಾಕಿ, ಚಕ್ರ ಕೈಲಿ ತಿರುಗಿಸ್ತಾ ಒರೆಸು ಅಂತ ಹೇಳೋಕೆ ಎಷ್ಟೊತ್ತು ಬೇಕು? ವಯಸ್ಸು ತುಂಬದ ಮಕ್ಕಳನ್ನ ಈ ಕೆಲ್ಸಕ್ಕೆ ಇಟ್ಕೊಳ್ಳೋದು ಮೊದ್ಲೇ ತಪ್ಪು, ಕಲಿಯೋ ವಯಸ್ಸಿನೋರನ್ನ ಇಟ್ಕೊಂಡ್ರೆ ಹೊಸಬ್ರಿಗೆ ಒಬ್ಬ ಹಿರಿಯ ಮೆಕ್ಯಾನಿಕ್‌ನ ಜೊತೆ ಹಾಕಿ, ಅವರಿಬ್ರಿಗೂ ಅವಸರದ ಕೆಲ್ಸ ಕೊಡ್ಬೇಡಿ.

ನನ್ನ ಬೇಡಿಕೆ ಆಕಾಶದಲ್ಲಿರೋದೇನಲ್ಲ. ಎಷ್ಟು ಗಾಡಿ ಎತ್ತೀರೋ ಅಷ್ಟಕ್ಕೆ ಸ್ಟ್ಯಾಂಡ್ ಇರ್ಲಿ, ಇಲ್ಲಾಂದ್ರೆ ಅಷ್ಟು ಗಾಡಿ ಎತ್ತಬೇಡಿ. ಕನ್ನಡಕ, ಗ್ಲೌಸು, ಸರಿಯಾದ ಮಾಸ್ಕು ಇವನ್ನ ಬೀಗ ಹಾಕಿದ ಕಪಾಟಿಂದ ಆಚೆ ತೆಗೆದು ಕೈಗೆ ಎಟಕೋ ಕಡೆ ಇಡಿ, ಸಂಬಳದಲ್ಲಿ ಅದರ ದುಡ್ಡು ಹಿಡೀಬೇಡಿ. ಬ್ರೇಕ್ ಧೂಳಿಗೆ ಏರ್ ಹೊಡೆಯೋದು ಇವತ್ತಿಂದಾನೇ ನಿಲ್ಲಿಸಿ, ಇದಕ್ಕೆ ಒಂದು ಬಕೆಟ್ ನೀರು ಬಿಟ್ರೆ ಬೇರೇನೂ ಖರ್ಚಿಲ್ಲ. ಬೆಂಕಿ ಆರಿಸೋ ಸಿಲಿಂಡರ್ ಪೆಟ್ರೋಲ್ ಬೆಂಕಿಗೆ ಆಗೋ ಥರದ್ದು ಇರ್ಲಿ, ವಾಯಿದೆ ಮುಗಿದಿದೆಯಾ ನೋಡಿ, ಅದನ್ನ ಹೇಗೆ ತೆಗೀಬೇಕು ಅಂತ ಎಲ್ರಿಗೂ ಒಂದ್ಸಲ ಕೈಯಾರೆ ಮಾಡಿಸಿ. ಜಾಕು, ಲಿಫ್ಟು, ಕಂಪ್ರೆಸರ್ ಟ್ಯಾಂಕು ಎಲ್ಲಾ ಯಾವಾಗ ಚೆಕ್ ಆಯ್ತು ಅಂತ ಗೋಡೆ ಮೇಲೆ ದಿನಾಂಕ ಬರೆದಿರ್ಲಿ, ಅದು ನಮ್ಮ ಕಣ್ಣಿಗೂ ಕಾಣ್ಲಿ. ಗಿರಾಕಿಗೆ ಟೈಮ್ ಹೇಳೋಕೆ ಮುಂಚೆ ಕೆಲ್ಸ ಮಾಡೋನನ್ನ ಒಂದ್ಮಾತು ಕೇಳಿ.

ಕೊನೇದಾಗಿ ಒಂದು, ಇದು ಉಳಿದೆಲ್ಲದಕ್ಕಿಂತ ಮುಖ್ಯ ಅಂತ ನನಗನ್ಸುತ್ತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲಿ ಮಾಡಿದ 155ನೇ ಒಪ್ಪಂದದಲ್ಲೇ ಇದೆ, ಜೀವಕ್ಕೆ ಗಂಭೀರ ಅಪಾಯ ಎದುರಿಗೇ ಇದೆ ಅಂತ ನಂಬೋಕೆ ಸರಿಯಾದ ಕಾರಣ ಇದ್ದು ಕೆಲಸದಿಂದ ಹಿಂದೆ ಸರಿದ ಕಾರ್ಮಿಕನಿಗೆ ಅದರಿಂದ ತೊಂದ್ರೆ ಆಗದ ಹಾಗೆ ರಕ್ಷಣೆ ಕೊಡ್ಬೇಕು ಅಂತ. 2022ರಲ್ಲಿ ಅದೇ ಸಂಘಟನೆ ಸುರಕ್ಷಿತ, ಆರೋಗ್ಯಕರ ಕೆಲಸದ ಜಾಗನ ಕಾರ್ಮಿಕರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸ್ತು. ನಾವು ಕಾನೂನು ಹಿಡ್ಕೊಂಡು ಜಗಳಕ್ಕೆ ಬರ್ತಿಲ್ಲ. ಸ್ಟ್ಯಾಂಡ್ ಇಲ್ಲ, ಕೆಳಗೆ ಹೋಗಲ್ಲ ಅಂತ ಒಬ್ಬ ಹೇಳಿದ ದಿನ ಅವನ ಸಂಬಳ ಮುರೀಬೇಡಿ, ಬೇರೆಯವರ ಮುಂದೆ ಬೈಬೇಡಿ, ಅವನ ಬದ್ಲು ಇನ್ನೊಬ್ಬನ್ನ ಅದೇ ಗಾಡಿ ಕೆಳಗೆ ಕಳಿಸ್ಬೇಡಿ. ಹೀಗಂತ ನಾಳೆ ಬೆಳಗ್ಗೆ ಷಟರ್ ತೆಗೆದ ತಕ್ಷಣ ನಿಮ್ಮ ಹುಡುಗರನ್ನೆಲ್ಲ ನಿಲ್ಲಿಸ್ಕೊಂಡು ನೀವೇ ನಿಮ್ಮ ಬಾಯಲ್ಲಿ ಹೇಳಿ ಅಂತ ಕೇಳ್ಕೊಳ್ತೀನಿ.

ಇಂತಿ,
ನಿಮ್ಮಲ್ಲಿ ಕೆಲ್ಸ ಮಾಡೋ ಒಬ್ಬ ಮೆಕ್ಯಾನಿಕ್